ನೋವು ತಾನಾಗಿಯೇ ನಿಂತ ಹಲ್ಲಿಗೂ ರೂಟ್ ಕೆನಾಲ್ ಬೇಕೇ?

ಪ್ರಶ್ನೆ: ನನಗೆ 43 ವರ್ಷ, ಊರು ಹರಿಹರ. ಬಲಗಡೆ ಕೆಳಗಿನ ದವಡೆ ಹಲ್ಲು ಎರಡು ವರ್ಷದಿಂದ ಹುಳುಕಾಗಿತ್ತು. ಊಟ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ. ಕಳೆದ ತಿಂಗಳು ಬಿಸಿ ಕಾಫಿ ತಾಗಿದರೆ ಜೀವ ಹೋಗುವಷ್ಟು ನೋವು ಶುರುವಾಯಿತು. ರಾತ್ರಿ ಮಲಗಿದ ಮೇಲೆ ಕಿವಿ, ತಲೆಯವರೆಗೂ ಎಳೆತ. ತಣ್ಣೀರು ಬಾಯಲ್ಲಿಟ್ಟುಕೊಂಡರೆ ಸ್ವಲ್ಪ ಸಮಾಧಾನ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಐದು ದಿನ ಆ್ಯಂಟಿಬಯೋಟಿಕ್, ನೋವಿನ ಮಾತ್ರೆ ತಗೊಂಡೆ. ನೋವು ಪೂರ್ತಿ ನಿಂತು ಹನ್ನೆರಡು ದಿನವಾಯಿತು. ಆದರೂ ದಂತವೈದ್ಯರು ಎಕ್ಸ್-ರೇ ನೋಡಿ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಎನ್ನುತ್ತಾರೆ. ನೋವೇ ಇಲ್ಲದ ಹಲ್ಲಿಗೆ ಯಾಕೆ? ನರ ತೆಗೆದರೆ ಕಣ್ಣಿಗೆ, ಮೆದುಳಿಗೆ ತೊಂದರೆ ಎಂದು ನಮ್ಮತ್ತೆ ಹೆದರಿಸುತ್ತಾರೆ. ಅವರು ರೂಟ್ ಕೆನಾಲ್ ಮಾಡಿಸಿದ್ದ ಹಲ್ಲು ಎರಡೇ ವರ್ಷಕ್ಕೆ ಸೀಳಿಹೋಯಿತು, ಕ್ಯಾಪ್ ಹಾಕಿಸಿರಲಿಲ್ಲ. ಕೀಳಿಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ? ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಿದ್ದೇನೆ.

ಉತ್ತರ: ನಿಮ್ಮ ಅನುಮಾನ ಸಹಜವಾದದ್ದು. ನೋಯುವಾಗ ಔಷಧಿ, ನೋವು ಹೋದ ಮೇಲೆ ಔಷಧಿ ಬಿಡುವುದು ನಾವೆಲ್ಲ ಪಾಲಿಸುವ ಕ್ರಮ. ಹಲ್ಲಿನ ವಿಷಯದಲ್ಲಿ ಮಾತ್ರ ಈ ಕ್ರಮ ಕೈಕೊಡುತ್ತದೆ. ಬಿಸಿಗೆ ಕೆರಳಿ, ತಣ್ಣೀರಿಗೆ ತಣಿದು, ರಾತ್ರಿಯೆಲ್ಲ ಎಳೆದು, ಆಮೇಲೆ ಒಂದು ದಿನ ಸದ್ದಿಲ್ಲದೆ ಸುಮ್ಮನಾದ ಹಲ್ಲು ಹೆಚ್ಚಿನ ಪಾಲು ವಾಸಿಯಾದ ಹಲ್ಲಲ್ಲ. ಅದರೊಳಗಿನ ತಿರುಳು ಸತ್ತಿದೆ. ನೋವನ್ನು ತಲುಪಿಸಬೇಕಿದ್ದ ನರವೂ ಅದರ ಜೊತೆ ಹೋಗಿದೆ. ನೀವು ಬರೆದ ಲಕ್ಷಣಗಳ ಸರಣಿ ಇದಕ್ಕೆ ಎಷ್ಟು ಹೊಂದುತ್ತದೆ ಎಂದರೆ, ಎಕ್ಸ್-ರೇ ನೋಡದೆಯೂ ನನ್ನ ಮೊದಲ ಅನುಮಾನ ಅಲ್ಲಿಗೇ ಹೋಗುತ್ತದೆ. ಆದರೆ ಅನುಮಾನದ ಮೇಲೆ ರೂಟ್ ಕೆನಾಲ್ ಮಾಡಬಾರದು. ಅದನ್ನು ಖಚಿತಪಡಿಸಿಕೊಳ್ಳುವ ಸರಳ ಪರೀಕ್ಷೆಗಳಿವೆ, ಅವು ನಡೆದಿವೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲು ಒಳಗೆ ಏನಾಯಿತು ಎಂಬುದು. ಹೊರಗೆ ಕಾಣುವ ಗಟ್ಟಿ ಬಿಳಿ ಪದರ ಎನಾಮಲ್, ಅದರ ಕೆಳಗೆ ಹಳದಿ ಛಾಯೆಯ ಡೆಂಟಿನ್, ನಟ್ಟನಡುವೆ ಒಂದು ಪುಟ್ಟ ಕೋಣೆ. ಆ ಕೋಣೆಯಲ್ಲಿರುವ ಮೆತ್ತನೆಯ ತಿರುಳಿನಲ್ಲಿ ರಕ್ತನಾಳ ಮತ್ತು ನರಗಳಿವೆ. ಕೋಣೆಯಿಂದ ಸಣ್ಣ ನಾಳಗಳು ಬೇರಿನೊಳಗೆ ಇಳಿದು, ತುದಿಯಲ್ಲಿ ಅರ್ಧ ಮಿಲಿಮೀಟರಿಗೂ ಕಿರಿದಾದ ರಂಧ್ರದ ಮೂಲಕ ದವಡೆ ಮೂಳೆಯ ಕಡೆಗೆ ತೆರೆದುಕೊಳ್ಳುತ್ತವೆ. ಹುಳುಕು ಎಂಬ ಮಾತಿನಲ್ಲೇ ಹುಳು ಇರುವುದರಿಂದ ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುತ್ತೇವೆ ಎನ್ನುವವರನ್ನು ನಂಬುವವರು ಇಂದಿಗೂ ಇದ್ದಾರೆ. ಹಲ್ಲಿನಲ್ಲಿ ಯಾವ ಹುಳವೂ ಇರುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಎನಾಮಲ್ ದಾಟಿ ಡೆಂಟಿನ್ ಕೊರೆದು ತಿರುಳಿನ ಹತ್ತಿರ ಬಂದಾಗ ತಿರುಳು ಊದಿಕೊಳ್ಳುತ್ತದೆ.

ಕೈಗೆ ಮುಳ್ಳು ಚುಚ್ಚಿ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನ ಕೋಣೆಯ ಗೋಡೆ ಹಿಗ್ಗುವುದಿಲ್ಲ. ಊತದ ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ನೋವು ಇಮ್ಮಡಿಯಾಗುತ್ತದೆ. ಬಿಸಿ ಒತ್ತಡವನ್ನು ಏರಿಸುತ್ತದೆ, ತಣ್ಣೀರು ಇಳಿಸುತ್ತದೆ. ತಣ್ಣೀರಿಗೆ ಆರಾಮ ಸಿಗುವ ಹಂತ ಎಂದರೆ ತಿರುಳು ಮರಳಿ ಸುಧಾರಿಸುವ ಗಡಿ ದಾಟಿದೆ ಎಂದೇ ನಾವು ಓದಿಕೊಳ್ಳುತ್ತೇವೆ. ಆಮೇಲೆ ರಕ್ತ ಸಂಚಾರ ನಿಂತು ತಿರುಳು ಸಾಯುತ್ತದೆ, ನೋವು ನಿಲ್ಲುತ್ತದೆ. ನೀವು ನುಂಗಿದ ಆ್ಯಂಟಿಬಯೋಟಿಕ್‌ಗೂ ಇದಕ್ಕೂ ಬಹುತೇಕ ಸಂಬಂಧವಿಲ್ಲ. ಊದಿದ ತಿರುಳಿನ ನೋವಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಸತ್ತ ತಿರುಳಿಗೆ ರಕ್ತವೇ ಹರಿಯದ್ದರಿಂದ ಔಷಧಿ ಅಲ್ಲಿಗೆ ತಲುಪುವುದೂ ಇಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಇಂಥ ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಕೊಡಿ ಎಂದು ಸ್ಪಷ್ಟವಾಗಿ ಹೇಳಿದೆ. ಜ್ವರ, ಹರಡುತ್ತಿರುವ ಬಾವು ಇದ್ದಾಗ ಮಾತು ಬೇರೆ. ದಯವಿಟ್ಟು ಇನ್ನು ಮುಂದೆ ಹಲ್ಲುನೋವಿಗೆಂದು ಅಂಗಡಿಯಲ್ಲಿ ಕೇಳಿ ಐದು ದಿನದ ಕೋರ್ಸ್ ತಗೊಳ್ಳಬೇಡಿ.

ಸತ್ತ ತಿರುಳು ಒಳಗೇ ಕೊಳೆಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ರಕ್ತದ ಕಾವಲಿಲ್ಲದ ಗೂಡು. ಬೇರಿನ ತುದಿಯಿಂದ ಅವುಗಳ ವಿಷ ಸೋರಿ ಸುತ್ತಲ ಮೂಳೆ ಕರಗಲು ಶುರುವಾಗುತ್ತದೆ. ಇದಕ್ಕೆ ವಾರಗಳೂ ಆಗಬಹುದು, ವರ್ಷಗಳೂ ಆಗಬಹುದು. ಕೆಲವರಿಗೆ ಅಗಿದಾಗ ಹಲ್ಲು ಎತ್ತರವಾದಂತೆ ಅನ್ನಿಸುತ್ತದೆ, ಕೆಲವರ ಒಸಡಿನಲ್ಲಿ ಪುಟ್ಟ ಗುಳ್ಳೆ ಎದ್ದು ಉಪ್ಪುಪ್ಪಾದ ಕೀವು ಆಗಾಗ ಸೋರುತ್ತದೆ. ಆ ಗುಳ್ಳೆ ನೋಯುವುದಿಲ್ಲ, ಕೀವಿಗೆ ದಾರಿ ಸಿಕ್ಕಿರುತ್ತದಲ್ಲ. ಅದಕ್ಕೇ ಜನ ವರ್ಷಗಟ್ಟಲೆ ಅದನ್ನು ಹಾಗೇ ಬಿಟ್ಟಿರುತ್ತಾರೆ. ದಾರಿ ಸಿಗದಿದ್ದರೆ ಒಂದು ರಾತ್ರಿ ಕೆನ್ನೆ ಊದಿ ಬರುತ್ತದೆ.

ಈಗ ಪರೀಕ್ಷೆಯ ಮಾತು. ಮುಖ್ಯವಾದದ್ದು ತಣ್ಣನೆಯ ಪರೀಕ್ಷೆ. ಸಣ್ಣ ಹತ್ತಿ ಉಂಡೆಗೆ ತಂಪಿನ ಸ್ಪ್ರೇ ಹೊಡೆದು, ಅದು ಹಿಮಗಟ್ಟಿದ ತಕ್ಷಣ ಒಣಗಿಸಿದ ಹಲ್ಲಿಗೆ ಒತ್ತುತ್ತಾರೆ. ಮೊದಲು ಎಡಗಡೆಯ ಅದೇ ಹಲ್ಲಿಗೆ ಇಡಬೇಕು, ನಿಮ್ಮ ಸಹಜ ಸ್ಪಂದನೆ ಯಾವುದು ಎಂದು ಗೊತ್ತಾಗಲು. ಚಳುಕು ಬಂದು, ಹತ್ತಿ ತೆಗೆದ ಕೆಲವೇ ಸೆಕೆಂಡಿಗೆ ಹೋದರೆ ತಿರುಳು ಬದುಕಿದೆ, ಸುಧಾರಿಸಬಲ್ಲದು. ಹತ್ತಿ ತೆಗೆದ ಮೇಲೂ ಅರ್ಧ ನಿಮಿಷ, ಒಂದು ನಿಮಿಷ ನೋವು ಎಳೆಯುತ್ತಲೇ ಇದ್ದರೆ ತಿರುಳು ಉಳಿಯುವ ಸ್ಥಿತಿಯಲ್ಲಿಲ್ಲ. ಏನೂ ಗೊತ್ತಾಗದಿದ್ದರೆ ಸತ್ತಿರುವ ಸಾಧ್ಯತೆ ಹೆಚ್ಚು. ಇದರ ಜೊತೆಗೆ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡುತ್ತಾರೆ, ಬೇರಿನ ಮೇಲಿನ ಒಸಡನ್ನು ಒತ್ತುತ್ತಾರೆ, ಒಸಡಿನ ಸಂದಿಯ ಆಳ ಅಳೆಯುತ್ತಾರೆ. ಎಕ್ಸ್-ರೇಯಲ್ಲಿ ಹುಳುಕಿನ ಕಪ್ಪು ನೆರಳು ನಡುವಿನ ಕೋಣೆಯನ್ನು ಮುಟ್ಟಿದೆಯೇ, ಬೇರಿನ ತುದಿಯಲ್ಲಿ ಕಪ್ಪು ವೃತ್ತವಿದೆಯೇ ಎಂದು ನಿಮಗೇ ತೋರಿಸಲು ಹೇಳಿ. ಒಂದು ಎಚ್ಚರಿಕೆ: ಮೂಳೆ ಸಾಕಷ್ಟು ಕರಗುವ ತನಕ ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ನೋವು ನಿಂತು ಹನ್ನೆರಡೇ ದಿನವಾದ್ದರಿಂದ ನಿಮ್ಮ ಬೇರಿನ ತುದಿ ಸ್ವಚ್ಛವಾಗಿ ಕಂಡರೂ ಅದರಿಂದ ಹಲ್ಲು ಸರಿಯಿದೆ ಎಂದಾಗುವುದಿಲ್ಲ.

ಎಲ್ಲ ಹುಳುಕಿಗೂ ರೂಟ್ ಕೆನಾಲ್ ಬೇಕಿಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ಐಸ್‌ಕ್ರೀಮಿಗೆ ಜುಮ್ ಎಂದು ತಕ್ಷಣ ಹೋಗುವ ಹಲ್ಲಿಗೆ, ಆಳದ ಹುಳುಕಿದ್ದರೂ, ಸಿಮೆಂಟ್ ತುಂಬಿ ಉಳಿಸಬಹುದು. ತಿರುಳು ಸ್ವಲ್ಪ ತೆರೆದುಕೊಂಡರೂ ಎಂಟಿಎ, ಬಯೋಡೆಂಟಿನ್‌ನಂಥ ವಿಶೇಷ ಸಿಮೆಂಟ್ ಇಟ್ಟು ಮುಚ್ಚುವ ಚಿಕಿತ್ಸೆ ಇದೆ. ತಿರುಳಿನ ಮೇಲ್ಭಾಗ ಮಾತ್ರ ತೆಗೆದು ಬೇರಿನೊಳಗಿನದನ್ನು ಉಳಿಸುವುದನ್ನು ಈಗ ದೊಡ್ಡವರ ಹಲ್ಲಿನಲ್ಲೂ ಮಾಡುತ್ತಾರೆ. ಒಸಡು ಸವೆದು ಬೇರು ತೆರೆದು ಬರುವ ಜುಮ್ಮಿಗಂತೂ ರೂಟ್ ಕೆನಾಲ್ ಮದ್ದೇ ಅಲ್ಲ. ಇವೆಲ್ಲ ತಿರುಳು ಬದುಕಿರುವ ಹಲ್ಲಿನ ಮಾತು. ತಣ್ಣನೆಗೆ ನಿಮ್ಮ ಹಲ್ಲು ಸ್ಪಂದಿಸದಿದ್ದರೆ ನಿಮಗೆ ಆ ದಾರಿ ಮುಚ್ಚಿದೆ. ಉಳಿಯುವುದು ಎರಡೇ: ರೂಟ್ ಕೆನಾಲ್ ಅಥವಾ ಕೀಳುವುದು.

ಕಣ್ಣಿನ ಭಯ

ನಿಮ್ಮತ್ತೆಯವರ ಭಯ ಅವರೊಬ್ಬರದ್ದಲ್ಲ, ಮನೆಮನೆಯಲ್ಲೂ ಇದೆ. ಅದಕ್ಕೊಂದು ಬೇರೂ ಇದೆ: ಹಲ್ಲಿಗೂ ಕಣ್ಣಿನ ಸುತ್ತಲ ಚರ್ಮಕ್ಕೂ ಸ್ಪರ್ಶ, ನೋವು ಒಯ್ಯುವ ನರ ಒಂದೇ ದೊಡ್ಡ ನರದ ಕವಲುಗಳು. ಅದಕ್ಕೇ ಹಲ್ಲು ನೋಯುವಾಗ ಕಣ್ಣು, ಕಿವಿ, ತಲೆ ಎಲ್ಲ ನೋಯುವಂತೆ ಅನ್ನಿಸುತ್ತದೆ. ಆದರೆ ನೋಟ ಒಯ್ಯುವ ನರವೇ ಬೇರೆ, ಅದಕ್ಕೂ ಹಲ್ಲಿಗೂ ಸಂಪರ್ಕವಿಲ್ಲ. ರೂಟ್ ಕೆನಾಲ್‌ನಲ್ಲಿ ತೆಗೆಯುವುದು ಆ ಒಂದು ಹಲ್ಲಿನೊಳಗಿನ ನೂಲಿನಂಥ ತುದಿಯನ್ನು ಮಾತ್ರ, ದೊಡ್ಡ ನರವನ್ನಲ್ಲ. ಹಲ್ಲು ಕಿತ್ತರೂ ಆ ನೂಲು ಹೋಗುವುದೇ ಅಲ್ಲವೇ? ನಿಜವಾಗಿ ಎಚ್ಚರ ವಹಿಸಬೇಕಾದ ನರ ಒಂದಿದೆ, ಅದು ಕೆಳದವಡೆಯ ಮೂಳೆಯೊಳಗೆ ದವಡೆ ಹಲ್ಲುಗಳ ಬೇರಿನ ಕೆಳಗೆ ಹಾಯುತ್ತದೆ. ಔಷಧಿಯಾಗಲಿ ತುಂಬುವ ವಸ್ತುವಾಗಲಿ ಬೇರಿನ ತುದಿ ದಾಟಿ ಅಲ್ಲಿಗೆ ಹೋದರೆ ಕೆಳತುಟಿ ಜೋಮು ಹಿಡಿಯಬಹುದು. ಅಪರೂಪ, ಆದರೆ ಸುಳ್ಳಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ರೂಟ್ ಕೆನಾಲ್‌ನಿಂದ ಹೃದಯ ಕಾಯಿಲೆ, ಕ್ಯಾನ್ಸರ್ ಎಂಬ ಮಾತಿನ ಮೂಲ ಸುಮಾರು ನೂರು ವರ್ಷ ಹಿಂದಿನ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ದಂತವೈದ್ಯರ ಪ್ರಯೋಗಗಳಲ್ಲಿದೆ. ಆಮೇಲೆ ಶಿಸ್ತಿನಿಂದ ಮಾಡಿದ ಪ್ರಯೋಗಗಳಲ್ಲಿ ಅವು ನಿಲ್ಲಲಿಲ್ಲ.

ಕುರ್ಚಿಯಲ್ಲಿ ಏನು ನಡೆಯುತ್ತದೆ

ಮೊದಲು ಮರಗಟ್ಟಿಸುವ ಇಂಜೆಕ್ಷನ್. ಕೆಳದವಡೆಯಲ್ಲಿ ಹಿಂದಿನ ನರದ ಬುಡಕ್ಕೇ ಕೊಡುತ್ತಾರೆ. ಅರ್ಧ ತುಟಿ, ಅರ್ಧ ನಾಲಿಗೆ ದಪ್ಪಗಾದಂತೆ ಆಗಬೇಕು. ಊದಿ ಕೆರಳಿರುವ ತಿರುಳಿಗೆ ಈ ಇಂಜೆಕ್ಷನ್ ಒಂದೇ ಸಾಲದಿರುವುದು ಸಾಮಾನ್ಯ. ಆಗ ಹಲ್ಲು ಮತ್ತು ಮೂಳೆಯ ಸಂದಿಗೆ ಇನ್ನೊಂದು ಕೊಡುತ್ತಾರೆ. ನೋವಾದರೆ ಎಡಗೈ ಎತ್ತಿ; ಹಲ್ಲು ಕಚ್ಚಿ ಸಹಿಸುವ ಅಗತ್ಯವೇ ಇಲ್ಲ. ನಂತರ ಹಲ್ಲಿಗೆ ರಬ್ಬರ್ ಹಾಳೆ ತೊಡಿಸುತ್ತಾರೆ, ಇದಕ್ಕೆ ರಬ್ಬರ್ ಡ್ಯಾಮ್ ಎನ್ನುತ್ತೇವೆ. ಎಂಜಲಿನ ಬ್ಯಾಕ್ಟೀರಿಯಾ ಒಳಗೆ ಹೋಗದಂತೆ, ಸೂಜಿಯಂಥ ಉಪಕರಣ ಗಂಟಲಿಗೆ ಜಾರದಂತೆ ತಡೆಯುವುದು ಇದೇ. ಸಮಯ ಉಳಿಸಲು ಇದನ್ನು ಕೈಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ಅದು ಸರಿಯಲ್ಲ. ಹಾಕುತ್ತೀರಾ ಎಂದು ಮೊದಲೇ ಕೇಳಿ.

ಹುಳುಕೆಲ್ಲ ತೆಗೆದು, ಮೇಲಿಂದ ಕಿಂಡಿ ಕೊರೆದು ನಾಳಗಳ ಬಾಯಿ ಹುಡುಕುತ್ತಾರೆ. ನಿಮ್ಮದು ಆರನೇ ವಯಸ್ಸಿಗೆ ಹುಟ್ಟುವ ಮೊದಲ ದವಡೆ ಹಲ್ಲಾಗಿದ್ದರೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ಎಷ್ಟೋ ಜನರಿಗೆ ನಾಲ್ಕು. ಒಂದು ನಾಳ ಕಣ್ತಪ್ಪಿದರೆ ಕೊಳೆ ಅಲ್ಲೇ ಉಳಿಯುತ್ತದೆ, ಚಿಕಿತ್ಸೆ ಸೋಲಲು ದೊಡ್ಡ ಕಾರಣ ಇದು. ನಾಳ ಕೆರೆಯುವ ಸೂಜಿಯಂಥ ಉಪಕರಣಕ್ಕೆ ಫೈಲು ಎನ್ನುತ್ತೇವೆ. ಮೊದಲು ಇಳಿಸುವ ನೇರಳೆ ಹಿಡಿಯ 10ನೇ ನಂಬರ್ ಫೈಲಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಗಡಿಯಾರಕ್ಕೆ ಕೀಲಿ ಕೊಡುವಂತೆ ಹಿಂದೆ ಮುಂದೆ ತಿರುಗಿಸುತ್ತಾ ಇಳಿಸುತ್ತಾರೆ. ನಾಳದ ಉದ್ದ ಸುಮಾರು 20 ಮಿಲಿಮೀಟರ್. ಅಪೆಕ್ಸ್ ಲೊಕೇಟರ್ ಎಂಬ ಪುಟ್ಟ ಯಂತ್ರ ಫೈಲು ಬೇರಿನ ತುದಿಗೆ ಬಂದಾಗ ಬೀಪ್ ಎನ್ನುತ್ತದೆ. ಆಮೇಲೆ ಬಿಳಿ ಹಿಡಿಯ 15, ಹಳದಿಯ 20, ಕೆಂಪಿನ 25 ಹೀಗೆ ಅಗಲ ಹೆಚ್ಚಿಸುತ್ತಾರೆ, ಈಗ ಹೆಚ್ಚಾಗಿ ಮೋಟಾರಿಗೆ ಜೋಡಿಸಿದ ನಿಕ್ಕಲ್-ಟೈಟಾನಿಯಂ ಫೈಲಿನಿಂದ.

ಫೈಲು ಮಾಡುವುದು ದಾರಿಯನ್ನಷ್ಟೇ. ನಾಳಕ್ಕೆ ಅಂಕುಡೊಂಕು, ಅಡ್ಡ ಕವಲುಗಳಿರುವುದರಿಂದ ಲೋಹ ಎಲ್ಲ ಗೋಡೆಯನ್ನೂ ಮುಟ್ಟುವುದಿಲ್ಲ. ನಿಜವಾದ ಶುದ್ಧಿ ಮಾಡುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಬಟ್ಟೆಯ ಬ್ಲೀಚಿನಲ್ಲಿರುವುದೇ, ಸಾಮಾನ್ಯವಾಗಿ 3ರಿಂದ 5 ಶೇಕಡಾ ಬಲದ್ದು. ಸತ್ತ ತಿರುಳನ್ನು ಕರಗಿಸುವ, ಬ್ಯಾಕ್ಟೀರಿಯಾ ಕೊಲ್ಲುವ ಎರಡೂ ಕೆಲಸ ಇದಕ್ಕೆ ಬರುತ್ತದೆ. ಪಕ್ಕದಲ್ಲಿ ತೂತಿರುವ ಸಣ್ಣ ಸೂಜಿಯಿಂದ, ಒತ್ತದೆ, ನಿಧಾನವಾಗಿ ಹರಿಸಬೇಕು. ಜೋರಾಗಿ ಒತ್ತಿ ಅದು ಬೇರಿನಾಚೆ ಹೋದರೆ ಆ ಕ್ಷಣವೇ ಉರಿನೋವು, ಊತ. ಕೊನೆಗೆ 17 ಶೇಕಡಾ ಇಡಿಟಿಎ ಎಂಬ ದ್ರಾವಣ ಹಾಕಿ ಗೋಡೆಗೆ ಮೆತ್ತಿದ ಪುಡಿ ತೆಗೆದು, ನಾಳ ಒಣಗಿಸಿ, ಗುಲಾಬಿ-ಕಿತ್ತಳೆ ಬಣ್ಣದ ಗಟ್ಟಾಪರ್ಚ ಎಂಬ ರಬ್ಬರಿನಂಥ ವಸ್ತುವಿನ ಕಡ್ಡಿಯನ್ನು ಅಂಟಿನ ಜೊತೆ ತುಂಬುತ್ತಾರೆ. ಎಕ್ಸ್-ರೇಯಲ್ಲಿ ಈ ತುಂಬುವಿಕೆ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆ ಬೇರಿನ ತುದಿಗೆ ಎರಡು ಮಿಲಿಮೀಟರಿನೊಳಗೆ ನಿಂತಿರಬೇಕು, ತುದಿ ದಾಟಿರಬಾರದು, ನಡುವೆ ಕಪ್ಪು ಸಂದಿಗಳಿರಬಾರದು. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸುವುದೂ ಸರಿ, ಕೀವಿದ್ದರೆ ನಡುವೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಇಟ್ಟು ಒಂದೆರಡು ವಾರ ಬಿಡುವುದೂ ಸರಿ.

ಫೈಲು ಒಳಗೆ ಮುರಿಯುವುದು ನುರಿತವರ ಕೈಯಲ್ಲೂ ಆಗುತ್ತದೆ. ಒಳಗೆ ಶುದ್ಧವಾಗಿದ್ದರೆ ತುಂಡು ಅಲ್ಲೇ ಇದ್ದರೂ ಹಲ್ಲು ಉಳಿಯಬಹುದು. ನಿಮಗೆ ತಿಳಿಸದೆ ಮುಚ್ಚುವುದು ಮಾತ್ರ ತಪ್ಪು. ಮಾಡಿದ ಎರಡು ಮೂರು ದಿನ ಅಗಿದಾಗ ನೋವು ಸಹಜ, ಆಹಾರದ ನಂತರ ವೈದ್ಯರು ಬರೆದ ನೋವಿನ ಮಾತ್ರೆ ಸಾಕು. ಮೇಲಿನ ಹಲ್ಲು ಮೊದಲು ತಾಗುವಂತೆ ಸಿಮೆಂಟ್ ಎತ್ತರವಾಗಿದ್ದರೆ ಮಾತ್ರೆಯಿಂದ ಹೋಗುವುದಿಲ್ಲ, ಹೋಗಿ ತೇಯಿಸಿಕೊಳ್ಳಬೇಕು, ಐದು ನಿಮಿಷದ ಕೆಲಸ.

ಅತ್ತೆಯವರ ಹಲ್ಲು ಏಕೆ ಸೀಳಿತು

ರೂಟ್ ಕೆನಾಲ್ ಮಾಡಿದ್ದಕ್ಕಲ್ಲ, ಅಲ್ಲಿಗೇ ನಿಲ್ಲಿಸಿದ್ದಕ್ಕೆ ಎಂದು ನಾನು ಬಲವಾಗಿ ನಂಬುತ್ತೇನೆ. ಹುಳುಕು ಒಂದಿಷ್ಟು ಹಲ್ಲು ತಿಂದಿರುತ್ತದೆ, ಕಿಂಡಿ ಕೊರೆಯುವಾಗ ಇನ್ನಷ್ಟು ಹೋಗುತ್ತದೆ. ಉಳಿದದ್ದು ತೆಳು ಗೋಡೆಗಳು. ಚಕ್ಕುಲಿ, ಕಡಲೆಕಾಯಿ, ಮೂಳೆ ಕಡಿಯುವ ಭಾರ ದವಡೆ ಹಲ್ಲಿನ ಮೇಲೆ ಬಿದ್ದಾಗ ಗೋಡೆಗಳು ಹೊರಕ್ಕೆ ಬಾಗಿ, ಒಂದು ದಿನ ಬೇರಿನ ತನಕ ಸೀಳುತ್ತವೆ. ಸೀಳು ಬೇರಿಗಿಳಿದ ಹಲ್ಲನ್ನು ಉಳಿಸಲಾಗದು. ಇನ್ನೊಂದು ಅಪಾಯ, ತಾತ್ಕಾಲಿಕ ಸಿಮೆಂಟ್ ಸವೆದು ಎಂಜಲು ಒಳಗಿಳಿದು ನಾಳ ಮತ್ತೆ ಕೆಡುವುದು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಹಾಕಿದವುಗಳಿಗಿಂತ ಆರು ಪಟ್ಟು ವೇಗದಲ್ಲಿ ಕಳೆದುಹೋದವು. ನೋವು ಹೋಯಿತು, ದುಡ್ಡೂ ಆಯಿತು, ಕ್ಯಾಪ್ ಆಮೇಲೆ ನೋಡೋಣ ಎಂದು ಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿಯವರೆಗಿನ ಕಷ್ಟವೆಲ್ಲ ಆ ಒಂದು ಮುಚ್ಚಳವಿಲ್ಲದೆ ನೀರುಪಾಲಾಗುತ್ತದೆ. ತುಂಬಿದ ಎರಡು ಮೂರು ವಾರದಲ್ಲಿ ಕ್ಯಾಪ್ ಬರಲಿ. ಒಳಗಿನ ಸಿಮೆಂಟ್ ಕಟ್ಟಿದ ಮೇಲೆ ಒಸಡಿನಿಂದ ಮೇಲಕ್ಕೆ ಸುತ್ತಲೂ ಸುಮಾರು 2 ಮಿಲಿಮೀಟರ್ ನಿಜವಾದ ಹಲ್ಲು ಉಳಿದಿರಬೇಕು, ಕ್ಯಾಪ್ ಹಿಡಿದುಕೊಳ್ಳುವುದು ಅದನ್ನೇ. ಅಷ್ಟೂ ಉಳಿದಿಲ್ಲದಿದ್ದರೆ ರೂಟ್ ಕೆನಾಲ್ ಆರಂಭಿಸುವ ಮೊದಲೇ ವೈದ್ಯರು ಹೇಳಬೇಕು.

ಹಾಗಿದ್ದಲ್ಲಿ ಕೀಳಿಸುವುದೇ ಸರಿ. ಬೇರು ಸೀಳಿದ್ದರೂ, ಒಸಡು ಕೆಟ್ಟು ಹಲ್ಲು ಅಲ್ಲಾಡುತ್ತಿದ್ದರೂ ಅಷ್ಟೇ. ಮಿಕ್ಕಂತೆ, ಒಂದೇ ಸಲಕ್ಕೆ ಮುಗಿಯುತ್ತದೆ ಎಂಬ ನಿಮ್ಮ ಲೆಕ್ಕದಲ್ಲಿ ಮುಂದಿನ ವರ್ಷಗಳು ಸೇರಿಲ್ಲ. ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ, ಎದುರಿನ ಮೇಲಿನ ಹಲ್ಲು ಕೆಳಗಿಳಿಯುತ್ತದೆ, ಸಂದಿಯಲ್ಲಿ ಊಟ ಸಿಕ್ಕಿ ಆ ಹಲ್ಲುಗಳೂ ಹುಳುಕಾಗುತ್ತವೆ. ಜಾಗ ತುಂಬಿಸಲು ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಎಂದರೆ ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡೂ ಸೇರಿದ್ದಕ್ಕಿಂತ ಹೆಚ್ಚು ಖರ್ಚು, ಮೂಳೆ ಹಿಡಿಯಲು ತಿಂಗಳುಗಳ ಕಾಯುವಿಕೆ. ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲು ತೇಯಬೇಕು. ತೆಗೆದಿಡುವ ಪ್ಲೇಟ್ ಅಗ್ಗ, ಆದರೆ ಒಂದೇ ದವಡೆ ಹಲ್ಲಿಗೆ ಅದನ್ನು ನಿತ್ಯ ಹಾಕಿಕೊಳ್ಳುವವರು ಕಡಿಮೆ. ಮೂಳೆ ಸವೆತದ ಇಂಜೆಕ್ಷನ್ ತಗೊಳ್ಳುವವರಿಗೆ, ದವಡೆಗೆ ವಿಕಿರಣ ಚಿಕಿತ್ಸೆ ಆದವರಿಗೆ ಕೀಳುವುದೇ ಹೆಚ್ಚು ಅಪಾಯ, ಅವರ ಹಲ್ಲನ್ನು ಆದಷ್ಟೂ ರೂಟ್ ಕೆನಾಲ್ ಮಾಡಿಯೇ ಉಳಿಸುತ್ತೇವೆ.

ಸಕ್ಕರೆ ಕಾಯಿಲೆ ರೂಟ್ ಕೆನಾಲ್‌ಗೆ ಅಡ್ಡಿಯಲ್ಲ. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ, ಆದ್ದರಿಂದ ನಿಮ್ಮಂಥವರು ಸತ್ತ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಕಾಯುವುದು ಉಳಿದವರಿಗಿಂತ ಕೆಟ್ಟದ್ದು. ಈಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ರಿಪೋರ್ಟ್ ತಗೊಂಡು ಹೋಗಿ. ಬೆಳಗ್ಗೆ ತಿಂಡಿ ತಿಂದು, ಮಾತ್ರೆ ನುಂಗಿಯೇ ಹೋಗಿ. ಉಪವಾಸ ಹೋದರೆ ಕುರ್ಚಿಯಲ್ಲಿ ಸಕ್ಕರೆ ಇಳಿದು ಬೆವರಬಹುದು. ಆಸ್ಪಿರಿನ್ ಏನಾದರೂ ತಗೊಳ್ಳುತ್ತಿದ್ದರೆ ರೂಟ್ ಕೆನಾಲ್‌ಗಾಗಿ ನಿಲ್ಲಿಸಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದರೆ ನೋವಿನ ಮಾತ್ರೆ ಬರೆಯುವ ಮುನ್ನ ಹೇಳಿ.

ಖರ್ಚು ಕೇಳುವಾಗ ರೂಟ್ ಕೆನಾಲ್, ಮೇಲಿನ ಸಿಮೆಂಟ್, ಕ್ಯಾಪ್ ಮೂರನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹಿಂದಿನ ಹಲ್ಲಿಗೆ ಹಲ್ಲಿನ ಬಣ್ಣವೇ ಬೇಕೆಂದಿಲ್ಲದಿದ್ದರೆ ಲೋಹದ ಕ್ಯಾಪ್ ಕಡಿಮೆ ಬೆಲೆಗೆ ಗಟ್ಟಿಯಾಗಿರುತ್ತದೆ, ಅದಕ್ಕಾಗಿ ಹಲ್ಲನ್ನು ತೇಯುವುದೂ ಕಡಿಮೆ. ನಿಮಗೆ ದಾವಣಗೆರೆ ಹತ್ತಿರ. ಅಲ್ಲಿನ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡರಲ್ಲೂ ಬೇರುನಾಳ ಚಿಕಿತ್ಸೆಯ ವಿಭಾಗವಿದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಳತೆಯಲ್ಲಿ ಮಾಡುತ್ತಾರೆ, ಹೆಚ್ಚು ಸಲ ಓಡಾಡಬೇಕಾಗಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ.

ಅಪಾಯಿಂಟ್‌ಮೆಂಟಿನ ತನಕ ಆ ಕಡೆ ಅಗಿಯಬೇಡಿ, ಊಟದ ನಂತರ ಬಾಯಿ ಮುಕ್ಕಳಿಸಿ. ನೋವು ಮರಳಿದರೆ ಲವಂಗದ ಎಣ್ಣೆಯ ಒಂದು ಹನಿಯನ್ನು ಹತ್ತಿಯಲ್ಲಿ ತೂತಿಗೆ ಮಾತ್ರ ಇಡಬಹುದು. ಒಸಡಿಗೆ ತಾಗಿದರೆ ಸುಡುತ್ತದೆ. ಹೊಗೆಸೊಪ್ಪು, ಪುಡಿ ಮಾಡಿದ ಮಾತ್ರೆ ಇಡಬೇಡಿ. ಕೆನ್ನೆಗೆ ಬಿಸಿ ಶಾಖ ಕೊಡಬೇಡಿ, ಕೀವು ಹೊರಕ್ಕೆ ಎಳೆದು ಚರ್ಮದಲ್ಲಿ ಒಡೆಯಬಹುದು. ದವಡೆಯ ಕೆಳಗೆ ಅಥವಾ ಕುತ್ತಿಗೆಗೆ ಊತ ಇಳಿದರೆ, ಬಾಯಿ ಎರಡು ಬೆರಳಷ್ಟೂ ತೆರೆಯಲಾಗದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಮುಗಿದು ಆರು ತಿಂಗಳಾದಾಗ ಒಂದು, ವರ್ಷವಾದಾಗ ಇನ್ನೊಂದು ಎಕ್ಸ್-ರೇ ತೆಗೆಸಿ. ಬೇರಿನ ತುದಿಯ ಕಪ್ಪು ನೆರಳು ಇದ್ದಲ್ಲಿ ಅದು ಕಿರಿದಾಗುತ್ತಿರಬೇಕು.